ಗೋಲ್ಡ್‌ಬರ್ಗ್ ವೇರಿಯೇಷನ್ಸ್: ಕೊನೆಗೆ ಮರಳಿ ಬರುವ ಅದೇ ಆರಿಯಾ ಏಕೆ ಕಣ್ಣು ತುಂಬಿಸುತ್ತದೆ?

ಸಂಜೆಪಾಠ
ನಲವತ್ತೊಂದನೆಯ ವಯಸ್ಸಿನಲ್ಲಿ ಪಿಯಾನೋ ಕಲಿಯಲು ಕುಳಿತವಳು ನಾನು. ನಾಲ್ಕು ವರ್ಷವಾಯಿತು. ಚಿಕ್ಕಂದಿನಲ್ಲಿ ಅಮ್ಮನ ಹಾರ್ಮೋನಿಯಂ ಮುಂದೆ ಕುಳಿತು ಅಭ್ಯಾಸವಿತ್ತು, ಅಷ್ಟೇ. ಈಗ ಜರ್ಮನ್ ಸಂಗೀತ ರಚನಕಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್‌ನ ಮೊದಲ ಆರಿಯಾವನ್ನು, ಅಂದರೆ ಹಾಡಿನಂಥ ಆರಂಭದ ತುಣುಕನ್ನು, ಕಲಿಯುತ್ತಿದ್ದೇನೆ. ಅದನ್ನೇ ಆಧಾರವಾಗಿಟ್ಟು ಬದಲಾಗುತ್ತಾ ಹೋಗುವ ಉಳಿದ 30 ವೇರಿಯೇಷನ್‌ಗಳನ್ನು ನುಡಿಸುವ ಶಕ್ತಿ ನನಗಿಲ್ಲ, ಕೇಳುತ್ತೇನೆ ಮಾತ್ರ.

ನನ್ನ ಪ್ರಶ್ನೆ ಇದು. ಮೂವತ್ತೂ ಮುಗಿದ ಮೇಲೆ ಮೊದಲಿನ ಆರಿಯಾ ಹಾಗೆಯೇ ಹಿಂದಿರುಗುತ್ತದೆ. ಒಂದು ಸ್ವರವೂ ಬದಲಾಗಿಲ್ಲ. 1741ರ ಮೊದಲ ಮುದ್ರಣದಲ್ಲಿ ಬಾಖ್ ಅದನ್ನು ಎರಡನೆಯ ಬಾರಿ ಅಚ್ಚು ಹಾಕಿಸಲೂ ಇಲ್ಲ, ‘ಆರಿಯಾವನ್ನು ಮೊದಲಿನಿಂದ ನುಡಿಸಿ ಮುಗಿಸಿ’ ಎಂಬ ಸೂಚನೆ ಮಾತ್ರ ಇದೆ. ಆದರೂ ಮೊದಲ ಸಲ ಕೇಳುವಾಗ ಸುಮ್ಮನೆ ಚೆನ್ನಾಗಿದೆ ಎನಿಸಿದ್ದು, ಕೊನೆಯಲ್ಲಿ ಬಂದಾಗ ಗಂಟಲು ಕಟ್ಟಿಸುತ್ತದೆ. ಪ್ರತಿ ಸಲವೂ. ಹಿಂದೆ ಒಬ್ಬ ಶಿಕ್ಷಕರನ್ನು ಕೇಳಿದೆ. ‘ಮೊದಲು ರಚನೆಯ ಲೆಕ್ಕ ಕಲಿಯಿರಿ, ಭಾವ ಆಮೇಲೆ’ ಎಂದರು. ಆ ಉತ್ತರ ನನಗೆ ಸಮಾಧಾನ ತರಲಿಲ್ಲ. ನಿಮಗೂ ಹೀಗಾಗುತ್ತದೆಯೇ? ಇದು ನನ್ನೊಳಗಿನದೋ, ಅದರೊಳಗಿನದೋ?

ರಾತ್ರಿಪಾಳಿ
ನನಗೂ ಆಗುತ್ತದೆ. ಇಷ್ಟು ದಿನ ನನಗೆ ಮಾತ್ರ ಎಂದುಕೊಂಡಿದ್ದೆ.

ಎಡಗೈ
ಸಂಜೆಪಾಠ ಅವರೇ, ನಿಮ್ಮ ಶಿಕ್ಷಕರು ಅರ್ಧ ಸರಿ. ಲೆಕ್ಕ ಬೇಕು, ಆದರೆ ಅದು ಭಾವಕ್ಕಿಂತ ಬೇರೆಯಾದುದಲ್ಲ. ಇಲ್ಲಿ ಎಲ್ಲರೂ ಬಲಗೈಯ ಸುಂದರ ರಾಗವನ್ನು ಹಿಡಿದು ಕೂರುತ್ತಾರೆ. 30 ವೇರಿಯೇಷನ್‌ಗಳಲ್ಲಿ ಆ ರಾಗ ಎಲ್ಲಿಯೂ ಬರುವುದಿಲ್ಲ! ಆಧಾರ ಇರುವುದು ಎಡಗೈಯಲ್ಲಿ, ಕೆಳಗಿನ ಸ್ವರಗಳ ಸಾಲಿನಲ್ಲಿ. ‘ಜಿ’ಯನ್ನು ಷಡ್ಜ ಮಾಡಿಕೊಂಡು ಶಂಕರಾಭರಣದ ಸ್ವರಗಳಲ್ಲಿ ಹಾಡಿ ನೋಡಿ:

ಸ – ನಿ – ಧ – ಪ – ಗ – ಮ – ಪ – ಸ

ಇದು ಮೊದಲ ಎಂಟು ಬಾರ್ (ಬಾರ್ ಎಂದರೆ ತಾಳದ ಸಮ ಅಳತೆಯ ಒಂದು ತುಂಡು). ಹೀಗೆ ಒಟ್ಟು 32 ಬಾರ್. ಮೇಲೆ ಏನೇ ನಡೆಯಲಿ, ಓಟ, ಕುಣಿತ, ಅಳು, ತಮಾಷೆ, ಕೆಳಗೆ ಈ ನಡಿಗೆ ಇದ್ದೇ ಇರುತ್ತದೆ. ಕೆಲವೊಮ್ಮೆ ಒಡವೆ ತೊಟ್ಟು ಗುರುತು ಸಿಗದಂತೆ, ಕೆಲವೊಮ್ಮೆ ಬೇರೆ ಧ್ವನಿಯ ಬೆನ್ನ ಹಿಂದೆ ಅಡಗಿ. ಒಂದು ಗಂಟೆಗೂ ಹೆಚ್ಚು ಕಾಲ ಅದೇ ದಾರಿಯಲ್ಲಿ ಮೂವತ್ತು ಸಲ ನಡೆದು ಬಂದ ಕಿವಿಗೆ, ಕೊನೆಯಲ್ಲಿ ಆ ಮೊದಲ ರಾಗ ಸಿಕ್ಕರೆ ಏನಾಗಬೇಕು? ಸ್ವರ ಬದಲಾಗಿಲ್ಲ ನಿಜ. ನೀವು ಕೇಳುವ ರೀತಿ ಬದಲಾಗಿದೆ. ಮೊದಲ ಸಲ ನೀವು ಬಲಗೈಯನ್ನು ಮಾತ್ರ ಕೇಳಿದ್ದಿರಿ, ಕೊನೆಯ ಸಲ ಎರಡೂ ಕೈಗಳನ್ನು ಕೇಳುತ್ತೀರಿ.

ಧಾರವಾಡದ ಕಿವಿ
ಎಡಗೈ ಅವರು ಹೇಳಿದ್ದನ್ನು ಓದಿ ಮೈ ಜುಮ್ಮೆಂದಿತು. ಇದು ನಮ್ಮ ಲೆಹರಾ ಅಲ್ಲವೇ? ತಬಲಾ ಸೋಲೋ ನಡೆಯುವಾಗ ಹಾರ್ಮೋನಿಯಂನವರು ಒಂದೇ ಆವರ್ತನದ ಒಂದೇ ಸಾಲನ್ನು ಗಂಟೆಗಟ್ಟಲೆ ನುಡಿಸುತ್ತಾ ಕೂರುತ್ತಾರೆ. ತಬಲಾದವರು ಪೇಶಕಾರ್, ಕಾಯದಾ, ರೇಲಾ ಎಂದು ಎಲ್ಲೆಲ್ಲಿಗೋ ಹೋಗಿ ಬರುತ್ತಾರೆ. ನಾನು ಹದಿನೈದು ವರ್ಷ ಲೆಹರಾ ಹಿಡಿದವನು. ಜನ ನನ್ನನ್ನು ನೋಡುವುದಿಲ್ಲ, ಆದರೆ ನಾನು ಒಂದು ಮಾತ್ರೆ ತಪ್ಪಿದರೆ ಇಡೀ ಸಭೆ ತಿರುಗಿ ನೋಡುತ್ತದೆ. ಬಾಖ್‌ನ ಎಡಗೈ ಅದೇ ಕೆಲಸ ಮಾಡುತ್ತಿದೆ ಎಂದರೆ ನನಗೆ ಈ ಕೃತಿ ಇಂದು ಹೊಸದಾಗಿ ತೆರೆದುಕೊಂಡಿತು. 32 ಬಾರ್ ಎಂದರೆ ಹದಿನಾರು ಮಾತ್ರೆಯ ತೀನ್‌ತಾಲದ ಎರಡು ಆವರ್ತನದ ಮಾತ್ರೆಗಳ ಲೆಕ್ಕವೂ ಹೌದು!

ಎಡಗೈ
ಹೋಲಿಕೆ ಬಹಳ ಇಷ್ಟವಾಯಿತು ಸರ್. ಆದರೆ ಎರಡು ಕಡೆ ತಡೆಯುತ್ತೇನೆ. ಹದಿನಾರರ ಲೆಕ್ಕ ಕಾಕತಾಳೀಯ, ಅದಕ್ಕೆ ಅರ್ಥ ಹಚ್ಚಬೇಡಿ. ಇನ್ನೊಂದು, ಲೆಹರಾ ಕಾಲವನ್ನು ಹಿಡಿದಿಡುತ್ತದೆ, ಸ್ವರ ಎಲ್ಲಿಗೂ ಪ್ರಯಾಣ ಹೋಗುವುದಿಲ್ಲ. ಬಾಖ್‌ನ ಈ ಸಾಲು ಮನೆಯಿಂದ ಹೊರಡುತ್ತದೆ. ಅರ್ಧದಲ್ಲಿ, 16ನೆಯ ಬಾರಿನಲ್ಲಿ, ಪಂಚಮದ ಊರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಒಂದು ಸುತ್ತು ಹಾಕಿ ಹಿಂದಿರುಗುತ್ತದೆ. ಹೊರಟು ಮರಳುವುದು ಪ್ರತಿ ವೇರಿಯೇಷನ್‌ನಲ್ಲೂ ಒಮ್ಮೆ ನಡೆಯುತ್ತದೆ, ಇಡೀ ಕೃತಿಯಲ್ಲೂ ಒಮ್ಮೆ ನಡೆಯುತ್ತದೆ.

ಧಾರವಾಡದ ಕಿವಿ
ಎರಡನೆಯದನ್ನು ಒಪ್ಪಿದೆ. ಮೊದಲನೆಯದರ ಬಗ್ಗೆ ಇನ್ನೂ ಯೋಚಿಸುತ್ತೇನೆ.

ನೇರನುಡಿ
ಎಲ್ಲರೂ ತಪ್ಪು ದಾರಿ ಹಿಡಿದಿದ್ದೀರಿ. ಹತ್ತು ವರ್ಷದಿಂದ ಈ ಕೃತಿಯನ್ನು ಕೇಳುತ್ತಿದ್ದೇನೆ. ಕೆಳಗಿನ ಸಾಲು ನನ್ನ ಕಿವಿಗೆ ಬಿದ್ದೇ ಇಲ್ಲ. ‘ಪ್ರತಿ ಮೂರನೆಯದು ಕ್ಯಾನನ್, ಮೂರನೆಯದರಲ್ಲಿ ಇಷ್ಟು ಅಂತರ, ಆರನೆಯದರಲ್ಲಿ ಅಷ್ಟು ಅಂತರ’ ಎಂದು ಬರೆಯುವವರನ್ನು ಕಂಡರೆ ಸಿಟ್ಟು ಬರುತ್ತದೆ. ಸಂಗೀತ ಕೇಳಿದವನು ಅಳುವುದು ಲೆಕ್ಕ ನೋಡಿಯಲ್ಲ. ಇಪ್ಪತ್ತೈದನೆಯ ವೇರಿಯೇಷನ್ ಕೇಳಿ ಅತ್ತಿದ್ದೇನೆ, ಅದು ಯಾವ ಸ್ಥಾಯಿ, ಯಾವ ಶ್ರುತಿ ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕಣ್ಣೀರು ಹೆಚ್ಚಾಗಿಯೂ ಇಲ್ಲ.

ಕಪ್ಪುಬಿಳಿ
ನೇರನುಡಿ, ಅಡಿಪಾಯ ಕಾಣಿಸುವುದಿಲ್ಲ ಎಂದು ಮನೆ ಅದರ ಮೇಲೆ ನಿಂತಿಲ್ಲ ಎನ್ನುತ್ತೀರಾ?

ನೇರನುಡಿ
ಮನೆಯಲ್ಲಿ ವಾಸಿಸಲು ಅಡಿಪಾಯದ ನಕ್ಷೆ ಬೇಕಿಲ್ಲ ಎನ್ನುತ್ತಿದ್ದೇನೆ.

ಕಪ್ಪುಬಿಳಿ
ಬೇಕಿಲ್ಲ, ಒಪ್ಪುತ್ತೇನೆ. ಆದರೆ ಕ್ಯಾನನ್‌ಗಳ ಬಗ್ಗೆ ನೀವು ಅನ್ಯಾಯದ ಮಾತಾಡಿದಿರಿ. ಕ್ಯಾನನ್ ಎಂದರೆ ಒಂದು ಧ್ವನಿ ಹಾಡುತ್ತಾ ಮುಂದೆ ಹೋಗುತ್ತದೆ, ಸ್ವಲ್ಪ ತಡವಾಗಿ ಇನ್ನೊಂದು ಧ್ವನಿ ಅದನ್ನೇ ಹಾಡುತ್ತಾ ಹಿಂಬಾಲಿಸುತ್ತದೆ, ಎರಡೂ ಒಟ್ಟಿಗೆ ಕೇಳಿದಾಗ ಹೊಂದಬೇಕು. ಮೂರನೆಯ ವೇರಿಯೇಷನ್‌ನಲ್ಲಿ ಎರಡೂ ಒಂದೇ ಸ್ವರದಿಂದ ಹೊರಡುತ್ತವೆ. ಆರನೆಯದರಲ್ಲಿ ಹಿಂಬಾಲಕ ಒಂದು ಸ್ವರ ಮೇಲಿನಿಂದ ಹಾಡುತ್ತಾನೆ. ಹೀಗೆ ಅಂತರ ಏರುತ್ತಾ 27ರಲ್ಲಿ ಒಂಬತ್ತರ ಅಂತರ. ಅಲ್ಲಿ ಒಂದು ಸಂಗತಿ ನಡೆಯುತ್ತದೆ: ಕೆಳಗಿನ ಆಧಾರದ ಧ್ವನಿಯನ್ನೇ ಬಾಖ್ ತೆಗೆದುಬಿಡುತ್ತಾನೆ. ಉಳಿದ ಕ್ಯಾನನ್‌ಗಳಲ್ಲಿ ಇಬ್ಬರನ್ನು ಹಿಡಿದಿಡಲು ಒಬ್ಬ ಮೂರನೆಯವನಿದ್ದ. ಇಲ್ಲಿ ಇಬ್ಬರೇ, ಬರಿಗೈಯಲ್ಲಿ. ತಿಳಿದ ದಿನ ನಾನು ಆ ವೇರಿಯೇಷನ್ ಅನ್ನು ನಾಲ್ಕು ಸಲ ಹಾಕಿ ಕೇಳಿದೆ. ಲೆಕ್ಕ ನನ್ನ ಕಣ್ಣೀರನ್ನು ಹೆಚ್ಚಿಸಿತೋ ಇಲ್ಲವೋ, ಅದಕ್ಕೆ ಇನ್ನೊಂದು ಜಾಗ ತೋರಿಸಿತು.

ನೇರನುಡಿ
27ನ್ನು ಈ ರಾತ್ರಿ ಕೇಳುತ್ತೇನೆ. ಆಮೇಲೆ ಮಾತಾಡೋಣ.

ರಾತ್ರಿಪಾಳಿ
ನಾನು ದಾದಿ. ತೀವ್ರ ನಿಗಾ ಘಟಕದಲ್ಲಿ ರಾತ್ರಿ ಕೆಲಸ. ಬೆಳಿಗ್ಗೆ ಮನೆಗೆ ಬಂದು ಪರದೆ ಎಳೆದು ಮಲಗಿದರೆ ನಿದ್ರೆ ಹತ್ತುವುದಿಲ್ಲ. ನಿದ್ರೆ ಬರಿಸಲು ಬರೆದ ಸಂಗೀತವಂತೆ ಎಂದು ಯಾರೋ ಹೇಳಿ ಇದನ್ನು ಕಳಿಸಿದರು. ನಿದ್ರೆ ಬರಲಿಲ್ಲ. ಆದರೆ ಎಚ್ಚರವಾಗಿರುವುದು ಶಿಕ್ಷೆ ಎನಿಸುವುದು ನಿಂತಿತು.

ಹಳೆಯ ಕಾಗದ
ರಾತ್ರಿಪಾಳಿ ಅವರೇ, ನಿಮ್ಮ ಅನುಭವವೇ ಆ ಕಥೆಯ ನಿಜವಾದ ತಿರುಳು. ಬಹಳ ಜನ ತಪ್ಪಾಗಿ ಹೇಳುತ್ತಾರೆ. ಕಥೆ ಬರುವುದು ಫೋರ್ಕೆಲ್ 1802ರಲ್ಲಿ ಪ್ರಕಟಿಸಿದ ಬಾಖ್‌ನ ಜೀವನಚರಿತ್ರೆಯಲ್ಲಿ. ಸ್ಯಾಕ್ಸನಿಯ ಆಸ್ಥಾನದಲ್ಲಿದ್ದ ರಷ್ಯಾದ ರಾಯಭಾರಿ ಕೌಂಟ್ ಕೈಸರ್‌ಲಿಂಕ್‌ಗೆ ರಾತ್ರಿಗಳೆಲ್ಲ ನಿದ್ರೆ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ನುಡಿಸಲು ಗೋಲ್ಡ್‌ಬರ್ಗ್ ಎಂಬ ಹುಡುಗನಿದ್ದ. ಕೌಂಟ್ ಬಾಖ್‌ನಿಂದ ಕೇಳಿದ್ದು ಜೋಗುಳವನ್ನಲ್ಲ. ಮೃದುವಾಗಿಯೂ ಸ್ವಲ್ಪ ಲವಲವಿಕೆಯಾಗಿಯೂ ಇರುವ, ನಿದ್ರೆಯಿಲ್ಲದ ರಾತ್ರಿಯಲ್ಲಿ ಮನಸ್ಸನ್ನು ಎತ್ತುವ ತುಣುಕುಗಳನ್ನು. ಬಹುಮಾನವಾಗಿ ಚಿನ್ನದ ಬಟ್ಟಲಲ್ಲಿ ನೂರು ಚಿನ್ನದ ನಾಣ್ಯ ಕೊಟ್ಟನಂತೆ.

ಕಥೆ ಚೆಂದ, ಆದರೆ ಸಂಶಯಕ್ಕೆ ಕಾರಣಗಳಿವೆ. ಮುದ್ರಿತ ಪ್ರತಿಯಲ್ಲಿ ಕೌಂಟ್‌ಗೆ ಅರ್ಪಣೆ ಇಲ್ಲ. ಗೋಲ್ಡ್‌ಬರ್ಗ್ ಹುಟ್ಟಿದ್ದು 1727ರಲ್ಲಿ, ಅಂದರೆ ಆಗ ಹದಿನಾಲ್ಕರ ಆಸುಪಾಸಿನ ಹುಡುಗ. ಬಾಖ್ ಸತ್ತಾಗ ಬರೆದ ಆಸ್ತಿಯ ಪಟ್ಟಿಯಲ್ಲಿ ಆ ಬಟ್ಟಲು ಕಾಣುವುದಿಲ್ಲ. ಮುಖಪುಟದ ಮೇಲೆ ಇರುವುದು ಸಂಗೀತಪ್ರಿಯರ ಮನಸ್ಸಿಗೆ ಉಲ್ಲಾಸವಾಗಲೆಂದು ಬರೆದದ್ದು ಎಂಬ ಅರ್ಥದ ಮಾತು ಅಷ್ಟೇ. ಪಾಪ, ಆ ಗೋಲ್ಡ್‌ಬರ್ಗ್ 29ನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ. ಇಂದು ಜಗತ್ತು ಅವನನ್ನು ನೆನೆಯುವುದು ಇನ್ನೊಬ್ಬರ ಕೃತಿಯ ಹೆಸರಿನಿಂದ.

ಶ್ರುತಿಪೆಟ್ಟಿಗೆ
ಕಥೆ ಸುಳ್ಳಾದರೂ ಇರಲಿ ಬಿಡಿ. ರಾತ್ರಿ ಎರಡು ಗಂಟೆಗೆ ಕೇಳಿದವರಿಗೆ ಅದು ನಿಜ.

ಹಳೆಯ ಕಾಗದ
ಇಲ್ಲ, ಬಿಡಲಾಗದು. ಅನಿಸಿಕೆ ನಿಮ್ಮದು, ಚರಿತ್ರೆ ಎಲ್ಲರದು. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಎರಡಕ್ಕೂ ಗೌರವ.

ಟೊರೊಂಟೊ ಕನ್ನಡಿಗ
ಪಿಯಾನೋ ವಾದಕ ಗ್ಲೆನ್ ಗೌಲ್ಡ್ ಹೆಸರು ಇನ್ನೂ ಬಂದಿಲ್ಲವಲ್ಲ! ನಾನು ಇರುವ ಊರಿನವರು. ಮೌಂಟ್ ಪ್ಲೆಸೆಂಟ್ ಸ್ಮಶಾನದಲ್ಲಿ ಅವರ ಸಮಾಧಿಯ ಕಲ್ಲಿನ ಮೇಲೆ ಈ ಆರಿಯಾದ ಮೊದಲ ಸ್ವರಗಳನ್ನು ಕೆತ್ತಿದ್ದಾರೆ. ಚಳಿಗಾಲದಲ್ಲಿ ಹೋಗಿದ್ದೆ, ಹಿಮ ಒರೆಸಿ ಓದಿದೆ.

1955ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದಾಗ ಅವರಿಗೆ 22 ವರ್ಷ. ಸುಮಾರು 38 ನಿಮಿಷದಲ್ಲಿ ಇಡೀ ಕೃತಿ ಮುಗಿಯುತ್ತದೆ, ಪುನರಾವರ್ತನೆ ಬಿಟ್ಟು, ಗಾಳಿಯಂತೆ. 1981ರಲ್ಲಿ ಅದೇ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದರು, ಸುಮಾರು 51 ನಿಮಿಷ. ಆ ಆರಿಯಾ ಎಷ್ಟು ನಿಧಾನವೆಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಉಸಿರು ಹಿಡಿಯಬೇಕು. 1982ರ ಅಕ್ಟೋಬರ್ 4ರಂದು ತೀರಿಕೊಂಡರು, ಐವತ್ತು ತುಂಬಿ ಹತ್ತು ದಿನವೂ ಆಗಿರಲಿಲ್ಲ. ಸಂಜೆಪಾಠ ಅವರ ಪ್ರಶ್ನೆಗೆ ನನ್ನ ಉತ್ತರ ಆ ಎರಡು ಧ್ವನಿಮುದ್ರಿಕೆಗಳು. ಒಬ್ಬ ಮನುಷ್ಯನ ಬದುಕೇ ಎರಡು ಆರಿಯಾಗಳ ನಡುವೆ ಇದೆ.

ಕಪ್ಪುಬಿಳಿ
ಗೌಲ್ಡ್ ಬಗ್ಗೆ ಗೌರವವಿದೆ. ಆದರೆ ಈ ಕೃತಿ ಎಂದರೆ ಗೌಲ್ಡ್, ಗೌಲ್ಡ್ ಎಂದರೆ ಈ ಕೃತಿ ಎಂಬ ಮಾತು ಸಾಕಾಗಿದೆ. 1933ರಷ್ಟು ಹಿಂದೆಯೇ ವಾಂಡಾ ಲಾಂಡೋವ್ಸ್ಕಾ ಇದನ್ನು ಪಿಯಾನೋಗಿಂತ ಹಳೆಯ ಕೀಲಿವಾದ್ಯವಾದ ಹಾರ್ಪ್ಸಿಕಾರ್ಡ್‌ನಲ್ಲಿ ಧ್ವನಿಮುದ್ರಿಸಿದ್ದರು. 25ನೆಯದನ್ನು ‘ಕಪ್ಪು ಮುತ್ತು’ ಎಂದವರೂ ಅವರೇ. ಬಾಖ್ ಬರೆದದ್ದು ಎರಡು ಸಾಲು ಕೀಲಿಗಳಿರುವ ಹಾರ್ಪ್ಸಿಕಾರ್ಡ್‌ಗೆ, ಪಿಯಾನೋಗಲ್ಲ. ಮುಖಪುಟದಲ್ಲೇ ಹಾಗಿದೆ.

ಟೊರೊಂಟೊ ಕನ್ನಡಿಗ
ನಾನು ‘ಗೌಲ್ಡ್ ಮಾತ್ರ’ ಎನ್ನಲಿಲ್ಲ. ನನಗೆ ಬಾಗಿಲು ತೆರೆದವರು ಅವರು ಎಂದೆ. ಬಾಗಿಲು ತೆರೆದವರನ್ನು ಮರೆಯಬಾರದು.

ಬೆರಳು
ನುಡಿಸುವವಳಾಗಿ ಒಂದು ಮಾತು, ಏಕೆಂದರೆ ಪ್ರಶ್ನೆಯಲ್ಲಿ ಕೇಳುಗರಷ್ಟೇ ಅಲ್ಲ, ನುಡಿಸುವವರೂ ಇದ್ದಾರೆ. ಕಪ್ಪುಬಿಳಿ ಹೇಳಿದ ಎರಡು ಸಾಲು ಕೀಲಿಗಳ ವಿಷಯ ನಮ್ಮ ಕೈಗಳಿಗೆ ಚೆನ್ನಾಗಿ ಗೊತ್ತು. ಹಾರ್ಪ್ಸಿಕಾರ್ಡ್‌ನಲ್ಲಿ ಬಲಗೈ ಮೇಲಿನ ಸಾಲಿನಲ್ಲಿ, ಎಡಗೈ ಕೆಳಗಿನ ಸಾಲಿನಲ್ಲಿ, ಒಂದರ ಮೇಲೊಂದು ಹಾದು ಹೋದರೂ ತೊಂದರೆಯಿಲ್ಲ. ಪಿಯಾನೋದಲ್ಲಿ ಒಂದೇ ಸಾಲು. 8, 11, 14, 17, 20, 23 ಇವುಗಳಲ್ಲೆಲ್ಲ ಎರಡು ಕೈಗಳೂ ಒಂದೇ ಜಾಗಕ್ಕೆ ಬಂದು ಬೀಳುತ್ತವೆ. ಬಲಗೈ ಒತ್ತಿದ ಕೀಲಿಯನ್ನು ಮರುಕ್ಷಣ ಎಡಗೈ ಕೇಳುತ್ತದೆ. ಯಾರು ಮೇಲೆ, ಯಾರು ಕೆಳಗೆ, ಯಾವ ಬೆರಳು ಎಲ್ಲಿ ತಗ್ಗಬೇಕು ಎಂದು ಪ್ರತಿ ಬಾರಿಗೂ ತೀರ್ಮಾನಿಸಬೇಕು.

ನಾನು 20ನೆಯದಕ್ಕೆ ಏಳು ತಿಂಗಳು ಕೊಟ್ಟೆ. ಮುಂಗೈ ನೋವಾಗಿ ನಿಲ್ಲಿಸಿದೆ, ಮತ್ತೆ ಹಿಡಿದೆ. ಒಂದು ದಿನ ಕೈಗಳು ಒಂದಕ್ಕೊಂದು ದಾರಿ ಬಿಟ್ಟುಕೊಟ್ಟವು. ಆ ಸಂತೋಷವನ್ನು ಹೇಗೆ ಹೇಳಲಿ! ವೇದಿಕೆಯಲ್ಲಿ ಅದು ಎರಡೇ ನಿಮಿಷದಲ್ಲಿ ಮುಗಿಯುತ್ತದೆ. ಇಂಥ ಹತ್ತಾರು ಬೆಟ್ಟ ಹತ್ತಿಳಿದು, ಕೊನೆಗೆ ಆರಿಯಾದ ಮೊದಲ ಸ್ವರವನ್ನು ಒತ್ತುವಾಗ ಬೆರಳು ಹಗುರವಾಗಿರುತ್ತದೆ, ಬೇಕೆಂದರೂ ಒರಟಾಗಿ ಒತ್ತಲು ಬರುವುದಿಲ್ಲ. ನಿಮಗೆ ಕೇಳಿಸುತ್ತಿರುವುದರಲ್ಲಿ ಒಂದು ಪಾಲು ಆ ದಣಿವು, ಸಂಜೆಪಾಠ.

ಸಂಜೆಪಾಠ
ಬೆರಳು ಅವರೇ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಬಾಖ್ ಮರಳಿ ಅಚ್ಚು ಹಾಕಿಸಲಿಲ್ಲ ಎಂದು ಬರೆದೆ. ಆದರೆ ಮರಳಿ ನುಡಿಸುವ ಕೈ ಬೇರೆ.

ಮೈಸೂರು ಅಂಚೆ
ವಿಷಯ ಸ್ವಲ್ಪ ಪಕ್ಕಕ್ಕೆ, ಕ್ಷಮಿಸಿ. ಪಿಯಾನೋ ಮಾತು ಬಂತು ಎಂದು ಬರೆಯುತ್ತಿದ್ದೇನೆ. ನಮ್ಮ ಜಯಚಾಮರಾಜೇಂದ್ರ ಒಡೆಯರ್ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ನುಡಿಸುತ್ತಿದ್ದರು, ಲಂಡನ್‌ನ ಸಂಗೀತ ಸಂಸ್ಥೆಗಳ ಪದವಿ ಪಡೆದಿದ್ದರು. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಡ್ಟ್‌ನರ್ ಲಂಡನ್‌ನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಇವರು. ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಅದೇ ಒಡೆಯರ್ ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ‘ಇದು ನಮ್ಮದಲ್ಲದ ಸಂಗೀತ’ ಎಂದು ಮೂಗು ಮುರಿಯುವವರಿಗೆ ಇದನ್ನು ನೆನಪಿಸಬೇಕು.

ನೇರನುಡಿ
ಇಲ್ಲಿ ಯಾರೂ ಮೂಗು ಮುರಿಯಲಿಲ್ಲವಲ್ಲ. ಆದರೂ ಮೆಡ್ಟ್‌ನರ್ ವಿಷಯ ಗೊತ್ತಿರಲಿಲ್ಲ, ಧನ್ಯವಾದ.

ಹೇಳಿದಂತೆ 27ನ್ನು ಕೇಳಿದೆ. ಕೆಳಗೆ ನೆಲ ಇಲ್ಲ ಎಂದು ಕಪ್ಪುಬಿಳಿ ಬರೆದದ್ದು ತಲೆಯಲ್ಲಿತ್ತು. ಹತ್ತು ವರ್ಷ ಕಿವಿಗೆ ಬೀಳದ ಆ ನೆಲ, ಇಲ್ಲವಾದಾಗ ಗೊತ್ತಾಯಿತು. ಹಿಂದಿನ ಕ್ಯಾನನ್ 24ಕ್ಕೆ ಹೋಗಿ ಕೇಳಿದೆ, ಅಲ್ಲಿ ಇತ್ತು. ನನ್ನ ಮಾತಿನಲ್ಲಿ ಅರ್ಧವನ್ನು ಹಿಂತೆಗೆದುಕೊಳ್ಳುತ್ತೇನೆ. ಇನ್ನರ್ಧ ಉಳಿಯಲಿ: ಗೊತ್ತಿಲ್ಲದೆ ಅತ್ತದ್ದೂ ಅಳುವೇ.

ಕಪ್ಪುಬಿಳಿ
ಅದು ಉಳಿಯಲೇಬೇಕು.

ಶ್ರುತಿಪೆಟ್ಟಿಗೆ
30ನೆಯದರ ಬಗ್ಗೆ ಯಾರಾದರೂ ಹೇಳಿ. ಒಂಬತ್ತರ ಕ್ಯಾನನ್ ಆದ ಮೇಲೆ ಅಲ್ಲಿ ಹತ್ತರ ಕ್ಯಾನನ್ ಬರಬೇಕಿತ್ತಲ್ಲವೇ?

ಹಳೆಯ ಕಾಗದ
ಬರಬೇಕಿತ್ತು, ಬರುವುದಿಲ್ಲ. ಅಲ್ಲಿ ಬಾಖ್ ಜನಪದ ಹಾಡುಗಳನ್ನು ತಂದು ಒಂದರ ಮೇಲೊಂದು ಹೆಣೆದಿದ್ದಾನೆ. ಒಂದು ‘ಬಹಳ ದಿನ ನಿನ್ನ ಬಳಿ ಇರಲಿಲ್ಲ’ ಎಂಬ ಹಾಡು. ಇನ್ನೊಂದು ಎಲೆಕೋಸು ಮತ್ತು ಗೆಡ್ಡೆ ನನ್ನನ್ನು ಓಡಿಸಿದವು, ಅಮ್ಮ ಮಾಂಸ ಬೇಯಿಸಿದ್ದರೆ ಇನ್ನೂ ಇರುತ್ತಿದ್ದೆ ಎಂಬ ತಮಾಷೆಯದು. ಬಾಖ್ ಮನೆತನದವರು ವರ್ಷಕ್ಕೊಮ್ಮೆ ಸೇರಿದಾಗ ಮೊದಲು ದೇವರ ಹಾಡು ಹಾಡಿ, ಆಮೇಲೆ ಇಂಥ ಹಾಡುಗಳನ್ನು ಬೆರೆಸಿ ಹಾಡಿ ನಗುತ್ತಿದ್ದರು ಎಂದು ಅದೇ ಫೋರ್ಕೆಲ್ ಬರೆದಿದ್ದಾನೆ.

ಶ್ರುತಿಪೆಟ್ಟಿಗೆ
ನಮ್ಮ ಕಡೆ ಮದುವೆಯ ಸಂಜೆ ಉರುಟಣೆಯ ಹಾಡು ಹೇಳುತ್ತಾರಲ್ಲ, ಹಾಗೆ! ಬೆಳಗಿನಿಂದ ಮಂತ್ರ, ಸಂಜೆ ಬೀಗರನ್ನು ಛೇಡಿಸುವ ಹಾಡು. ಅಜ್ಜಿ ಹಾಡುತ್ತಿದ್ದರೆ ಮದುಮಗಳೂ ತಲೆ ತಗ್ಗಿಸಿ ನಗುತ್ತಿದ್ದಳು. ಅದಾದ ಸ್ವಲ್ಪ ಹೊತ್ತಿಗೇ ಅವಳನ್ನು ಕಳಿಸಿಕೊಡುವ ಸಮಯ.

ರಾತ್ರಿಪಾಳಿ
ಶ್ರುತಿಪೆಟ್ಟಿಗೆ ಅವರೇ, ಈ ಸಾಲು ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಆರಿಯಾ ಬರುತ್ತದೆ.

ಹೊಸಬ
ನಾನು ಇದನ್ನು ಒಮ್ಮೆಯೂ ಪೂರ್ತಿ ಕೇಳಿಲ್ಲ. ಹಣ ಕೊಡದೆ ಕೇಳಲು ದಾರಿ ಇದೆಯೇ?

ಕಪ್ಪುಬಿಳಿ
ಇದೆ. ಕಿಮಿಕೋ ಇಶಿಜಾಕಾ ನುಡಿಸಿದ ಪೂರ್ತಿ ಧ್ವನಿಮುದ್ರಿಕೆಯನ್ನು 2012ರಲ್ಲಿ ಸ್ವರಲಿಪಿಯ ಸಮೇತ ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ. ‘ಓಪನ್ ಗೋಲ್ಡ್‌ಬರ್ಗ್’ ಎಂದು ಹುಡುಕಿ. ಒಂದೇ ಬೈಠಕ್‌ನಲ್ಲಿ ಕೇಳಿ, ತುಂಡು ಮಾಡಬೇಡಿ.

ಎಡಗೈ
ಹೊಸಬರಿಗೆ ನನ್ನದೊಂದು ಸೂಚನೆ: 15ನೆಯದು ಮುಗಿಯುವಾಗ ಗಮನಿಸಿ. ಬಲಗೈ ಒಬ್ಬಂಟಿಯಾಗಿ ಮೇಲೇರಿ ಅಲ್ಲೇ ನಿಂತುಬಿಡುತ್ತದೆ, ಉತ್ತರ ಸಿಗದ ಪ್ರಶ್ನೆಯಂತೆ. ಮರುಕ್ಷಣ 16ನೆಯದು ಅರಮನೆಯ ಬಾಗಿಲು ತೆಗೆದಂತೆ ಗಟ್ಟಿಯಾಗಿ ಶುರುವಾಗುತ್ತದೆ. ಕೃತಿಯ ನಟ್ಟನಡುವೆ ಅದು.

ಇನ್ನೊಂದು ಸಂಗತಿ. ಬಾಖ್ ತನ್ನ ಬಳಿ ಇಟ್ಟುಕೊಂಡಿದ್ದ ಮುದ್ರಿತ ಪ್ರತಿ 1970ರ ದಶಕದಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಸಿಕ್ಕಿತು. ಅದರ ಕೊನೆಯಲ್ಲಿ, ನಾನು ಮೇಲೆ ಬರೆದ ಆ ಎಂಟೇ ಸ್ವರಗಳ ಮೇಲೆ ಕಟ್ಟಿದ ಇನ್ನೂ 14 ಕ್ಯಾನನ್‌ಗಳಿವೆ, ಅವನದೇ ಕೈಬರಹದಲ್ಲಿ. ಹದಿನಾಲ್ಕನೆಯದರ ನಂತರ ‘ಇತ್ಯಾದಿ’ ಎಂದು ಬರೆದಿದ್ದಾನೆ. 30 ವೇರಿಯೇಷನ್ ಬರೆದು ಅಚ್ಚು ಹಾಕಿಸಿದ ಮೇಲೂ ಅವನಿಗೆ ಆ ಸ ನಿ ಧ ಪ ಮುಗಿದಿರಲಿಲ್ಲ.

ಧಾರವಾಡದ ಕಿವಿ
ಇತ್ಯಾದಿ! ಇಡೀ ಚರ್ಚೆಯಲ್ಲಿ ನನಗೆ ಸಿಕ್ಕ ದೊಡ್ಡ ಪದ ಇದು.

ಸಂಜೆಪಾಠ
ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಡಗೈ ಅವರ ಎಂಟು ಸ್ವರಗಳನ್ನೂ ಅವುಗಳ ಮುಂದಿನ ಸಾಲನ್ನೂ ಕಾಗದದ ಮೇಲೆ ಬರೆದು ಅಮ್ಮನಿಗೆ ಕೊಟ್ಟೆ. ಅಮ್ಮನಿಗೆ ಎಪ್ಪತ್ತೆರಡು. ಬಾಖ್ ಯಾರೆಂದು ಕೇಳಲಿಲ್ಲ, ‘ಬಿಳಿ ಐದಕ್ಕೆ ಷಡ್ಜವಾ?’ ಎಂದು ಕೇಳಿ ಹಾರ್ಮೋನಿಯಂ ಎಳೆದುಕೊಂಡರು. 32 ಬಾರಿನ ಸಾಲನ್ನು ಎರಡು ಸಂಜೆಯಲ್ಲಿ ಹಿಡಿದರು. ಆಮೇಲೆ ಧ್ವನಿಮುದ್ರಿಕೆ ಹಾಕಿ, ಅದರ ಜೊತೆ ಬಾಯಲ್ಲಿ ಆ ಸಾಲನ್ನೇ ಗುನುಗುತ್ತಾ ಕುಳಿತರು. ಕೆಲವು ಕಡೆ ತಪ್ಪಿದರು, ಮತ್ತೆ ಸಿಕ್ಕಿದರು. 25 ಬಂದಾಗ ನಿಲ್ಲಿಸಿಬಿಟ್ಟರು. ‘ಇದು ಅದೇ ದಾರಿ, ಆದರೆ ಷಡ್ಜದಿಂದ ಪಂಚಮದವರೆಗೆ ಒಂದೊಂದು ಮೆಟ್ಟಿಲನ್ನೂ ತಡವಿಕೊಂಡು ಇಳಿಯುತ್ತಿದ್ದಾನೆ, ಕತ್ತಲಲ್ಲಿ ಇಳಿದಂತೆ’ ಎಂದರು. ನನಗೆ ಅದನ್ನು ಯಾವ ಪುಸ್ತಕವೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಆರಿಯಾವನ್ನು ಇಬ್ಬರೂ ಸೇರಿ ನುಡಿಸಿದೆವು. ನಾನು ಪಿಯಾನೋ, ಅವರು ಕೆಳಗಿನ ಸಾಲು. ಎಡಗೈ, ಬೆರಳು, ಇಬ್ಬರನ್ನೂ ಕೇಳುತ್ತೇನೆ: ಆರಿಯಾದ 27ನೆಯ ಬಾರ್‌ನಿಂದ ಬಲಗೈಯಲ್ಲಿ ಸಣ್ಣ ಸ್ವರಗಳು ಹರಿಯಲು ಶುರುವಾಗುತ್ತವಲ್ಲ, ಅಲ್ಲಿ ಅಮ್ಮ ತಾನಾಗಿ ನಿಧಾನಿಸುತ್ತಾರೆ. ನಾನೂ ಅವರ ಹಿಂದೆ ನಿಧಾನಿಸುತ್ತೇನೆ. ಅಲ್ಲಿ ಹಾಗೆ ಮಾಡಬಹುದೇ?

ಬೆರಳು
ಪರೀಕ್ಷೆಯಲ್ಲಾದರೆ ಬೇಡ ಎನ್ನುತ್ತಿದ್ದೆ. ಅಮ್ಮ ನಿಧಾನಿಸಿದರೆ ನೀವೂ ನಿಧಾನಿಸಿ.

ಧಾರವಾಡದ ಕಿವಿ
ಲೆಹರಾದವರು ಹೇಳಿದ ಲಯವೇ ಲಯ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.